ಕೀ ದ್ವೀಪಗಳಿಗೆ ಮನೆ ಹೊತ್ತು ಹೋಗುವ ಮುನ್ನ

ಅಮೆರಿಕದ ಉತ್ತರದ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಒಂದು ಮಾತು ಏಳುತ್ತದೆ. ಊರಿಂದ ಬಂದ ಅಪ್ಪ-ಅಮ್ಮ ಹಿಮಕ್ಕೆ ಹೆದರಿ ಮನೆಯೊಳಗೇ ಕೂತು ಬೇಸತ್ತಿರುತ್ತಾರೆ. ಮಕ್ಕಳಿಗೆ ರಜೆ. ಎಲ್ಲಾದರೂ ಬೆಚ್ಚಗಿರುವ ಸಮುದ್ರದ ಊರಿಗೆ ಹೋಗಬೇಕು, ಆದರೆ ದಿನವೂ ಹೋಟೆಲಿನ ಊಟ ಹಿರಿಯರಿಗೆ ಒಗ್ಗುವುದಿಲ್ಲ. ಹಾಗಾದರೆ ಒಂದು ಆರ್‌ವಿ ಬಾಡಿಗೆಗೆ ಹಿಡಿದು ಫ್ಲೋರಿಡಾದ ಕೀ ದ್ವೀಪಗಳಿಗೆ ಹೋಗಿಬರೋಣ ಎಂದು ಯಾರೋ ಒಬ್ಬರು ಹೇಳುತ್ತಾರೆ. ಒಲೆ, ಫ್ರಿಜ್, ಹಾಸಿಗೆ, ಶೌಚಾಲಯ ಎಲ್ಲವನ್ನೂ ಒಳಗಿಟ್ಟುಕೊಂಡು ಓಡುವ, ನಾವು ಇಲ್ಲಿ ಕ್ಯಾರವಾನ್ ಎಂದು ಕರೆಯುವ ಗಾಡಿಯೇ ಅಲ್ಲಿನವರ ಆರ್‌ವಿ. ಯೋಚನೆ ಚೆನ್ನಾಗಿಯೇ ಇದೆ. ಆದರೆ ಅದು ಡಿಸೆಂಬರ್‌ನಲ್ಲಿ ಹೊಳೆದರೆ ಆ ಚಳಿಗಾಲದ ಮಟ್ಟಿಗೆ ತಡವಾಯಿತೆಂದೇ ತಿಳಿಯಬೇಕು.

ಆರ್‌ವಿ ಪ್ರವಾಸವೆಂದರೆ ಗಾಡಿ ಗೊತ್ತುಮಾಡಿ, ದಾರಿ ಹಿಡಿದು, ಕತ್ತಲಾದಲ್ಲಿ ತಂಗುವುದು ಎಂಬ ಕಲ್ಪನೆ ಬಹಳ ಜನರಲ್ಲಿದೆ. ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ಅದು ನಡೆದೀತು. ಕೀ ದ್ವೀಪಗಳಲ್ಲಿ ನಡೆಯುವುದಿಲ್ಲ. ಅಲ್ಲಿ ತಂಗುವ ಜಾಗ ಸಿಕ್ಕಿದ ಮೇಲೆ ತಾರೀಕು, ತಾರೀಕಿನ ಮೇಲೆ ವಿಮಾನದ ಟಿಕೆಟ್, ಜಾಗದ ಅಳತೆ ನೋಡಿಕೊಂಡು ಗಾಡಿ. ಹೀಗೆ ಹಿಂದುಮುಂದಾಗಿ ಯೋಜಿಸಬೇಕು. ಇದಕ್ಕೆ ಕಾರಣ ಆ ದ್ವೀಪಗಳ ನೆಲದಲ್ಲೇ ಇದೆ. ಅದನ್ನು ತಿಳಿದುಕೊಂಡವರಿಗೆ ಉಳಿದ ಸಿದ್ಧತೆ ತಾನಾಗಿ ಅರ್ಥವಾಗುತ್ತದೆ.

ಫ್ಲೋರಿಡಾದ ದಕ್ಷಿಣ ತುದಿಯಿಂದ ನೈರುತ್ಯಕ್ಕೆ ಬಿಲ್ಲಿನ ಹಾಗೆ ಬಾಗಿದ ದ್ವೀಪಗಳ ಸಾಲು ಇದು. ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಫ್ಲೋರಿಡಾ ಕೊಲ್ಲಿ ಮತ್ತು ಮೆಕ್ಸಿಕೊ ಕೊಲ್ಲಿ. ಸಾಲಿನ ಉದ್ದಕ್ಕೂ ಹಾದುಹೋಗುವ ಹೆದ್ದಾರಿ ಒಂದೇ. ಅದರ ಹೆಸರು ಓವರ್‌ಸೀಸ್ ಹೈವೇ, ಉದ್ದ 113 ಮೈಲಿ, ಅಂದರೆ ಸುಮಾರು 182 ಕಿಲೋಮೀಟರ್, ನಡುವೆ 42 ಸೇತುವೆಗಳು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ ಇಟ್ಟುಕೊಂಡು ಹೋಗುವ ಆ ಸ್ವಲ್ಪ ದೂರದ ಸುಖವನ್ನು ಬಲ್ಲವರು, ಎರಡೂ ಕಡೆ ಕಡಲೇ ಇರುವ ಅಂಥ ದಾರಿ ಗಂಟೆಗಟ್ಟಲೆ ಮುಂದುವರಿಯುವುದನ್ನು ಊಹಿಸಿಕೊಳ್ಳಬಹುದು. ಮ್ಯಾರಥಾನ್ ಎಂಬ ಊರು ದಾಟಿದ ಮೇಲೆ ಬರುವ ಸೆವೆನ್ ಮೈಲ್ ಬ್ರಿಡ್ಜ್ ಒಂದೇ 11 ಕಿಲೋಮೀಟರಿನಷ್ಟಿದೆ. ಕೆಳಗೆ ದೋಣಿಗಳು ಹಾಯಲೆಂದು ಅದರ ಒಂದು ಭಾಗ 65 ಅಡಿ ಎತ್ತರಕ್ಕೆ ಏರುತ್ತದೆ. ಅಲ್ಲಿಂದ ಕಾಣುವ ನೀರಿನ ಹಸಿರು-ನೀಲಿ ಬಣ್ಣಕ್ಕಾಗಿಯೇ ಇಷ್ಟು ದೂರ ಬರಬಹುದು.

ಸಾಲಿನ ಕೊನೆಯ ಊರು ಕೀ ವೆಸ್ಟ್. ನಮ್ಮ ಉದಯಪುರ ಇರುವ ಅಕ್ಷಾಂಶದಲ್ಲೇ ಇದೂ ಇದೆ. ಆದರೆ ಸುತ್ತಲಿನ ಬೆಚ್ಚಗಿನ ಕಡಲು, ಪಕ್ಕದಲ್ಲೇ ಹರಿಯುವ ಗಲ್ಫ್ ಸ್ಟ್ರೀಮ್ ಪ್ರವಾಹ ಚಳಿಯನ್ನು ಹತ್ತಿರ ಬಿಡುವುದಿಲ್ಲ. ಜನವರಿಯಲ್ಲೂ ಹಗಲು 24 ಡಿಗ್ರಿ ಸೆಲ್ಸಿಯಸ್ ಆಸುಪಾಸು, ರಾತ್ರಿ 18ರಿಂದ 19. ಅಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 5 ಡಿಗ್ರಿ. ನೀರು ಹೆಪ್ಪುಗಟ್ಟುವ ಚಳಿ ಅಲ್ಲಿ ದಾಖಲಾಗಿಯೇ ಇಲ್ಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಯೂ ಕಡಿಮೆ. ಅಮೆರಿಕದ ಉತ್ತರದಿಂದ, ಕೆನಡಾದಿಂದ ನಿವೃತ್ತರು ದೊಡ್ಡ ದೊಡ್ಡ ಆರ್‌ವಿಗಳನ್ನು ಓಡಿಸಿಕೊಂಡು ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತಾರೆ. ಸ್ನೋಬರ್ಡ್ಸ್ ಎಂದೇ ಅವರನ್ನು ಕರೆಯುವುದು. ಅವರಲ್ಲಿ ಅನೇಕರು ಮುಂದಿನ ವರ್ಷದ ಜಾಗವನ್ನು ಈ ವರ್ಷವೇ ಕಾದಿರಿಸಿರುತ್ತಾರೆ.

ಇಲ್ಲಿ ಒಂದು ನಿರೀಕ್ಷೆಯನ್ನು ಮೊದಲೇ ತಿದ್ದಿಕೊಳ್ಳುವುದು ಒಳ್ಳೆಯದು. ದ್ವೀಪವೆಂದರೆ ಮಲ್ಪೆಯಂತೆ, ಮುರುಡೇಶ್ವರದಂತೆ ಉದ್ದಕ್ಕೂ ಮರಳ ದಂಡೆ ಇರುತ್ತದೆಂದು ನಾವು ಎಣಿಸುತ್ತೇವೆ. ಕೀ ದ್ವೀಪಗಳಲ್ಲಿ ಸಹಜವಾದ ಮರಳ ದಂಡೆ ತೀರ ಕಡಿಮೆ. ಮೇಲಿನ ದ್ವೀಪಗಳು ಲಕ್ಷಕ್ಕೂ ಹೆಚ್ಚು ವರ್ಷಗಳ ಹಿಂದೆ ಜೀವಂತ ಹವಳದ ದಿಬ್ಬಗಳಾಗಿದ್ದು, ಸಮುದ್ರ ಇಳಿದಾಗ ಸುಣ್ಣಕಲ್ಲಾಗಿ ಉಳಿದಂಥವು. ಇಂದಿನ ಜೀವಂತ ಹವಳದ ಸಾಲು ಕೆಲವು ಮೈಲಿ ಆಚೆ ಕಡಲಲ್ಲಿದ್ದು ಅಲೆಗಳನ್ನು ಅಲ್ಲೇ ಒಡೆದುಬಿಡುತ್ತದೆ. ಅಲೆ ಬಾರದ ಕಡೆ ಮರಳು ಎಲ್ಲಿಂದ ಬಂದೀತು? ದಡದಲ್ಲಿ ಕಾಂಡ್ಲಾ ಕಾಡು, ಚೂಪಾದ ಕಲ್ಲು, ತಿಳಿನೀರು. ಬಹಿಯಾ ಹೋಂಡಾ ಸ್ಟೇಟ್ ಪಾರ್ಕಿನಂಥ ಕೆಲವೇ ಕಡೆ ಒಳ್ಳೆಯ ಮರಳಿದೆ. ಆದುದರಿಂದ ಈ ಪ್ರವಾಸದ ಸಾರ ಮರಳಿನಲ್ಲಿಲ್ಲ, ನೀರಿನಲ್ಲಿದೆ. ಮುಖಕ್ಕೆ ಕನ್ನಡಕ, ಬಾಯಿಗೆ ಕೊಳವೆ ಕಟ್ಟಿಕೊಂಡು ನೀರಿನ ಮೇಲೆ ತೇಲುತ್ತ ಹವಳ, ಮೀನು ನೋಡುವುದು ಇಲ್ಲಿಯ ನಿಜವಾದ ಸುಖ. ಈಜು ಬಾರದ ಹಿರಿಯರು ತಳದಲ್ಲಿ ಗಾಜಿರುವ ದೋಣಿಯಲ್ಲಿ ಕೂತು ನೋಡಬಹುದು.

ಈ ದಾರಿ ಹುಟ್ಟಿದ ಕಥೆಯನ್ನೂ ಹೇಳಬೇಕು, ಏಕೆಂದರೆ ಇಂದಿನ ಎಷ್ಟೋ ನಿಯಮಗಳ ಬೇರು ಅದರಲ್ಲಿದೆ. ರಾಕ್‌ಫೆಲ್ಲರ್ ಜೊತೆ ಸ್ಟ್ಯಾಂಡರ್ಡ್ ಆಯಿಲ್ ಕಟ್ಟಿದ ಹೆನ್ರಿ ಫ್ಲ್ಯಾಗ್ಲರ್ ತನ್ನ ಇಳಿವಯಸ್ಸಿನಲ್ಲಿ, 1905ರಲ್ಲಿ, ಕಡಲ ಮೇಲೆ ಕೀ ವೆಸ್ಟ್‌ವರೆಗೆ ರೈಲು ಹಾಕಲು ಹೊರಟ. 1912ರ ಜನವರಿ 22ರಂದು ಮೊದಲ ರೈಲು ಕೀ ವೆಸ್ಟ್ ಮುಟ್ಟಿತು. ಮರುವರ್ಷ ಆತ ತೀರಿಕೊಂಡ. 1935ರ ಸೆಪ್ಟೆಂಬರ್ 2ರಂದು ಭೀಕರ ಚಂಡಮಾರುತ ಬಂದು ಇಸ್ಲಾಮೊರಾಡಾ ಸುತ್ತಮುತ್ತ ನಾನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಬಹಳ ಮಂದಿ ಮೊದಲ ಮಹಾಯುದ್ಧದಿಂದ ಮರಳಿ, ಅಲ್ಲಿ ರಸ್ತೆ ಕೆಲಸಕ್ಕೆ ಸೇರಿದ್ದ ಮಾಜಿ ಸೈನಿಕರು. ಅವರನ್ನು ಕರೆತರಲು ಕಳಿಸಿದ ರೈಲಿನ ಬೋಗಿಗಳನ್ನೇ ಸಮುದ್ರ ಹಳಿಯಿಂದ ಎತ್ತಿ ಹಾಕಿತು. ಓದುವಾಗ ನಮಗೆ ಧನುಷ್ಕೋಡಿ ನೆನಪಾಗದೆ ಇರದು. ಪಾಂಬನ್ ಸೇತುವೆ ತೆರೆದದ್ದು 1914ರಲ್ಲಿ, 1964ರ ಡಿಸೆಂಬರ್‌ನ ಚಂಡಮಾರುತ ಧನುಷ್ಕೋಡಿಯ ಪ್ಯಾಸೆಂಜರ್ ರೈಲನ್ನು ಪ್ರಯಾಣಿಕರ ಸಮೇತ ನುಂಗಿತು. ಎರಡು ಭೂಖಂಡಗಳಲ್ಲಿ ಒಂದೇ ಕಾಲದ ಧೈರ್ಯಕ್ಕೆ ಸಮುದ್ರ ಕೊಟ್ಟ ಉತ್ತರ ಒಂದೇ.

ಧನುಷ್ಕೋಡಿಗೆ ಆ ರೈಲು ಮತ್ತೆ ಬರಲಿಲ್ಲ. ಕೀ ದ್ವೀಪಗಳಿಗೂ ಬರಲಿಲ್ಲ. ಆದರೆ ಫ್ಲೋರಿಡಾ ಸರ್ಕಾರ ಹಾಳಾದ ರೈಲುಮಾರ್ಗವನ್ನು ಕೊಂಡು, ಅದರ ಕಂಬಗಳ ಮೇಲೆಯೇ ರಸ್ತೆ ಹಾಸಿ 1938ರಲ್ಲಿ ತೆರೆಯಿತು. ಬಹಿಯಾ ಹೋಂಡಾದಲ್ಲಿ ರೈಲಿನ ಉಕ್ಕಿನ ಚೌಕಟ್ಟು ಎರಡು ವಾಹನಗಳಿಗೆ ಸಾಲದಷ್ಟು ಕಿರಿದಾಗಿದ್ದುದರಿಂದ ಅದರ ತಲೆಯ ಮೇಲೆ ರಸ್ತೆ ಹಾಕಿದರು. ಆ ಮುರಿದ ಸೇತುವೆ ಇವತ್ತೂ ನಿಂತಿದೆ. ಇಂದಿನ ಸೆವೆನ್ ಮೈಲ್ ಬ್ರಿಡ್ಜ್ 1982ರದು. ಪಕ್ಕದ ಹಳೆಯ ಸೇತುವೆಯ ಒಂದು ಭಾಗವನ್ನು ದುರಸ್ತಿ ಮಾಡಿ 2022ರಿಂದ ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಟ್ಟಿದ್ದಾರೆ. ಅದರ ಮೇಲೆ ನಡೆದರೆ ರೈಲು ಕಟ್ಟಿದ ಕೂಲಿಗಳು ವಾಸವಿದ್ದ ಪಿಜನ್ ಕೀ ಎಂಬ ಪುಟ್ಟ ದ್ವೀಪ ಸಿಗುತ್ತದೆ. ಸಂಜೆ ಬಿಸಿಲಿಳಿದ ಮೇಲೆ ಹಿರಿಯರನ್ನು ಕರೆದುಕೊಂಡು ಸ್ವಲ್ಪ ದೂರ ನಡೆದುಬರಲು ಇದಕ್ಕಿಂತ ಒಳ್ಳೆಯ ಜಾಗ ಆ ದಾರಿಯಲ್ಲಿ ಇನ್ನೊಂದಿಲ್ಲ.

ಜಾಗ ಮೊದಲು

ಒಂದೇ ರಸ್ತೆ, ಬಹಳ ಕಡೆ ಅದರ ಎರಡೂ ಬದಿಗೆ ಕೆಲವೇ ಮಾರು ನೆಲ. ಅತಿ ಎತ್ತರದ ಸ್ಥಳವೂ 20 ಅಡಿ ಮುಟ್ಟುವುದಿಲ್ಲ. ಇರುವ ಸ್ವಲ್ಪ ನೆಲದಲ್ಲಿ ಮನೆ, ಅಂಗಡಿ, ಕಾಡು, ನೌಕಾನೆಲೆ ಎಲ್ಲವೂ ಇರಬೇಕು. ಹೀಗಾಗಿ ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ರಾತ್ರಿ ಮಲಗುವುದಕ್ಕೆ ಅಲ್ಲಿ ಅನುಮತಿಯಿಲ್ಲ. ಪೊಲೀಸರು ಬಾಗಿಲು ತಟ್ಟಿ ಎಬ್ಬಿಸುತ್ತಾರೆ, ದಂಡವೂ ಬೀಳಬಹುದು. ಕ್ಯಾಂಪ್‌ಗ್ರೌಂಡಿನಲ್ಲಿ ಕಾದಿರಿಸಿದ ಜಾಗವಿಲ್ಲದೆ ಆರ್‌ವಿ ತಂದವರು ರಾತ್ರಿ ಪುನಃ ನಾಡಿನ (ಮುಖ್ಯಭೂಮಿಯ) ಕಡೆಗೆ ಓಡಿಸಿಕೊಂಡು ಹೋಗಬೇಕಾಗುತ್ತದೆ.

ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಎರಡು ಬಗೆ. ಸರ್ಕಾರದ ಸ್ಟೇಟ್ ಪಾರ್ಕ್‌ಗಳು, ಮತ್ತೆ ಖಾಸಗಿ ರೆಸಾರ್ಟ್‌ಗಳು. ಕೀ ಲಾರ್ಗೊದ ಜಾನ್ ಪೆನ್ನೆಕ್ಯಾಂಪ್, ಮ್ಯಾರಥಾನ್ ಹತ್ತಿರದ ಕರಿ ಹ್ಯಾಮಕ್, ಅದರಾಚೆಯ ಬಹಿಯಾ ಹೋಂಡಾ, ಇವು ಸ್ಟೇಟ್ ಪಾರ್ಕ್‌ಗಳಲ್ಲಿ ಹೆಸರಾದವು. ಬಾಡಿಗೆ ಕಡಿಮೆ, ನೆರಳಿದೆ, ಕಡಲು ಕೈಗೆಟುಕುವಷ್ಟು ಹತ್ತಿರ. ಆದರೆ ಕರಿ ಹ್ಯಾಮಕ್‌ನಲ್ಲಿ ಇರುವ ಜಾಗಗಳು ಬರೀ 28. ಖಾಸಗಿಯವರು ಚಳಿಗಾಲದಲ್ಲಿ ಇದರ ಹಲವು ಪಟ್ಟು ಬಾಡಿಗೆ ಕೇಳುತ್ತಾರೆ. ಆ ಹಣಕ್ಕೆ ಒಳ್ಳೆಯ ಹೋಟೆಲ್ ಕೋಣೆಯೇ ಸಿಗುವ ಊರುಗಳು ಅಮೆರಿಕದಲ್ಲಿ ಬೇಕಾದಷ್ಟಿವೆ.

ಸ್ಟೇಟ್ ಪಾರ್ಕಿನ ಜಾಗವನ್ನು ಫ್ಲೋರಿಡಾ ನಿವಾಸಿಗಳು 11 ತಿಂಗಳು ಮೊದಲೇ ಕಾದಿರಿಸಬಹುದು. ಉಳಿದವರಿಗೆ 10 ತಿಂಗಳು. 2024ರ ಜನವರಿಯಿಂದ ಜಾರಿಗೆ ಬಂದ ವ್ಯವಸ್ಥೆ ಇದು. ಅಂದರೆ ನ್ಯೂಜೆರ್ಸಿಯಲ್ಲೋ ಶಿಕಾಗೋದಲ್ಲೋ ಇರುವವರ ಸರದಿ ಬರುವ ಹೊತ್ತಿಗೆ ಸ್ಥಳೀಯರು ಒಂದು ತಿಂಗಳಿನಿಂದ ಆರಿಸಿಕೊಳ್ಳುತ್ತಿರುತ್ತಾರೆ. ಪ್ರತಿದಿನ ಬೆಳಿಗ್ಗೆ ಅಲ್ಲಿನ ಪೂರ್ವದ ಸಮಯ 8 ಗಂಟೆಗೆ ಹೊಸ ದಿನದ ಜಾಗಗಳು ತೆರೆದುಕೊಳ್ಳುತ್ತವೆ. ಬಹಿಯಾ ಹೋಂಡಾದ ಒಳ್ಳೆಯ ಜಾಗಗಳು ನೋಡನೋಡುತ್ತಿದ್ದಂತೆ ಮುಗಿಯುತ್ತವೆ. ತತ್ಕಾಲ್ ಟಿಕೆಟ್ ಕಾಯ್ದು ಅಭ್ಯಾಸವಿರುವ ನಮ್ಮವರಿಗೆ ಇದನ್ನು ವಿವರಿಸಬೇಕಿಲ್ಲ. ಫ್ಲೋರಿಡಾದಲ್ಲೇ ನೆಲೆಸಿರುವ ಬಂಧುಗಳೂ ಜೊತೆಗೆ ಬರುವವರಿದ್ದರೆ, ಅವರೇ ತಮ್ಮ ಹೆಸರಿನಲ್ಲಿ ಕಾದಿರಿಸುವುದು ಜಾಣತನ. ಯಾವುದೂ ಸಿಗದಿದ್ದರೆ ರದ್ದಾದ ಜಾಗಗಳಿಗಾಗಿ ನೋಡುತ್ತಲೇ ಇರಬೇಕು. ಶನಿವಾರ-ಭಾನುವಾರ ಸಿಗದಿದ್ದರೂ ವಾರದ ನಡುವಿನ ಒಂದೆರಡು ರಾತ್ರಿಗಳು ಸಿಗುತ್ತವೆ. ಎರಡು ರಾತ್ರಿ ಒಂದು ಪಾರ್ಕಿನಲ್ಲಿ, ಮತ್ತೆರಡು ಇನ್ನೊಂದರಲ್ಲಿ ಎಂದು ಜೋಡಿಸಿಕೊಂಡರೆ ತಪ್ಪೇನಿಲ್ಲ.

ಗಾಡಿ ಆಮೇಲೆ

ಬಾಡಿಗೆಗೆ ಸಿಗುವ ಆರ್‌ವಿಗಳಲ್ಲಿ ಬಸ್ಸಿನಂಥ ದೊಡ್ಡದು ಕ್ಲಾಸ್ ಎ. ವ್ಯಾನಿನೊಳಗೇ ಮನೆ ಮಾಡಿದ್ದು ಕ್ಲಾಸ್ ಬಿ. ಟ್ರಕ್ಕಿನ ಮುಂಭಾಗಕ್ಕೆ ಮನೆ ಕೂರಿಸಿ, ಚಾಲಕನ ತಲೆಯ ಮೇಲೂ ಒಂದು ಹಾಸಿಗೆ ಇಟ್ಟದ್ದು ಕ್ಲಾಸ್ ಸಿ. ಅಜ್ಜ-ಅಜ್ಜಿ, ಮಗ-ಸೊಸೆ, ಇಬ್ಬರು ಮಕ್ಕಳಿರುವ ಸಂಸಾರಕ್ಕೆ 25 ಅಡಿಯ ಕ್ಲಾಸ್ ಸಿ ಸಾಕು. ಅದಕ್ಕಿಂತ ಉದ್ದದ್ದನ್ನು ತೆಗೆದುಕೊಳ್ಳುವ ಮೊದಲು ಕಾದಿರಿಸಿದ ಜಾಗದ ಉದ್ದ ನೋಡಬೇಕು. ಪ್ರತಿ ಜಾಗಕ್ಕೂ ಇಷ್ಟೇ ಅಡಿ ಎಂಬ ಮಿತಿ ಇರುತ್ತದೆ, ಮೀರಿದರೆ ಒಳಗೆ ಬಿಡುವುದಿಲ್ಲ. ಎತ್ತರದ ಮಾತೂ ಇದೆ. ಬಹಿಯಾ ಹೋಂಡಾದ ಬೇಸೈಡ್ ಎಂಬ ಭಾಗಕ್ಕೆ ಹೋಗುವ ದಾರಿ ಸೇತುವೆಯೊಂದರ ಅಡಿಯಲ್ಲಿ ಹಾಯುತ್ತದೆ, ಅಲ್ಲಿ ಏಳು ಅಡಿಯೂ ತೆರವಿಲ್ಲ. ಆರ್‌ವಿಗಳು 11-12 ಅಡಿ ಎತ್ತರ ಇರುತ್ತವೆ. ಚಿತ್ರ ಚೆನ್ನಾಗಿದೆಯೆಂದು ಆ ಜಾಗ ಕಾದಿರಿಸಿದರೆ ಗಾಡಿ ಒಳಗೆ ಹೋಗುವುದೇ ಇಲ್ಲ.

ಹಿರಿಯರ ಮಟ್ಟಿಗೆ ಮೂರು ಸಂಗತಿ ಮುಖ್ಯ. ತಲೆಯ ಮೇಲಿನ ಹಾಸಿಗೆಗೆ ಏಣಿ ಹತ್ತಬೇಕು, ಅದು ಮಕ್ಕಳಿಗೇ ಸರಿ. ಹಿಂಬದಿಯ ಹಾಸಿಗೆ ಗೋಡೆಗೆ ಅಂಟಿಕೊಂಡಿದ್ದರೆ ರಾತ್ರಿ ಎದ್ದು ಹೋಗಲು ಒಬ್ಬರು ಇನ್ನೊಬ್ಬರನ್ನು ದಾಟಬೇಕು, ಆದ್ದರಿಂದ ಎರಡೂ ಕಡೆ ಓಡಾಡಲು ಜಾಗವಿರುವ ವಿನ್ಯಾಸವನ್ನೇ ಕೇಳಿ ಪಡೆಯಬೇಕು. ಮತ್ತೆ, ಗಾಡಿ ಓಡುವಾಗ ಯಾರೂ ಎದ್ದು ಓಡಾಡಬಾರದು, ಒಲೆಯ ಬಳಿ ಹೋಗಬಾರದು. ಮನೆಯಂತೆ ಕಂಡರೂ ಅದು ರಸ್ತೆಯ ಮೇಲಿರುವ ವಾಹನ, ಎಲ್ಲರಿಗೂ ಸೀಟ್‌ಬೆಲ್ಟ್ ಬೇಕು. ಗಾಡಿ ಪಡೆಯುವಾಗ ಎಷ್ಟು ಹಾಸಿಗೆ ಎನ್ನುವುದಕ್ಕಿಂತ ಎಷ್ಟು ಸೀಟ್‌ಬೆಲ್ಟ್ ಎಂದು ಕೇಳಿ.

ದೂರದಿಂದ ಬರುವವರಿಗೆ ನನ್ನ ಸಲಹೆ, ಮಯಾಮಿವರೆಗೆ ವಿಮಾನದಲ್ಲಿ ಬಂದು ಅಲ್ಲೇ ಗಾಡಿ ಹಿಡಿಯಿರಿ. ಕ್ಲಾಸ್ ಸಿ ಗಾಡಿ ಒಂದು ಗ್ಯಾಲನ್ ಪೆಟ್ರೋಲಿಗೆ ಎಂಟರಿಂದ ಹತ್ತು ಮೈಲಿ ಕೊಡುತ್ತದೆ, ಅಂದರೆ ಲೀಟರಿಗೆ ನಾಲ್ಕು ಕಿಲೋಮೀಟರ್ ಬಂದರೆ ಹೆಚ್ಚು. ಅದರ ಮೇಲೆ ಬಾಡಿಗೆಯವರು ಮೈಲಿಗಿಷ್ಟು, ಜನರೇಟರ್ ಓಡಿದ ಗಂಟೆಗಿಷ್ಟು ಎಂದು ಹಾಕುತ್ತಾರೆ. ನ್ಯೂಜೆರ್ಸಿಯಿಂದ ಓಡಿಸಿಕೊಂಡು ಬರುವ ಖರ್ಚು, ದಣಿವು ಎರಡೂ ವಿಮಾನದ ಟಿಕೆಟ್ಟಿಗಿಂತ ಜಾಸ್ತಿ.

ಕರೆಂಟಿನ ಲೆಕ್ಕ ಗೊತ್ತಿದ್ದರೆ ಅಡುಗೆ ಸುಗಮ. ಕ್ಯಾಂಪಿನ ಜಾಗದಲ್ಲಿ ಕಂಬವೊಂದಿದ್ದು ಅದರಿಂದ ಗಾಡಿಗೆ ತಂತಿ ಎಳೆದುಕೊಳ್ಳುತ್ತಾರೆ. ಕ್ಲಾಸ್ ಸಿ ಗಾಡಿಗಳಲ್ಲಿ ಸಾಮಾನ್ಯವಾಗಿ 30 ಆ್ಯಂಪಿನ ಸಂಪರ್ಕ. 120 ವೋಲ್ಟಿನಲ್ಲಿ ಒಟ್ಟು 3,600 ವಾಟ್ ಸಿಕ್ಕಿತು. ಏಸಿ ಒಂದೇ ಸುಮಾರು 1,500 ವಾಟ್ ತಿನ್ನುತ್ತದೆ, ಮೈಕ್ರೋವೇವ್ ಇನ್ನೊಂದು 1,500. ಆ ಹೊತ್ತಿಗೆ ಯಾರಾದರೂ ರೈಸ್ ಕುಕ್ಕರ್ ಹಾಕಿದರೆ ಬ್ರೇಕರ್ ಬಿದ್ದೇ ಬೀಳುತ್ತದೆ. ಏಸಿ ಆರಿಸಿ ಕುಕ್ಕರ್ ಹಾಕುವುದು, ಇಲ್ಲವೇ ಗ್ಯಾಸ್ ಒಲೆಯಲ್ಲಿ ಪ್ರೆಷರ್ ಕುಕ್ಕರ್ ಇಡುವುದು ಸುಲಭ. ಚಾವಣಿಯ ಫ್ಯಾನ್ ತೆರೆದು ಕಿಟಕಿ ಬಿಟ್ಟ ಮೇಲೆಯೇ ಒಗ್ಗರಣೆಗೆ ಕೈಹಾಕಿ, ಒಣಮೆಣಸಿನ ಘಾಟಿಗೆ ಹೊಗೆಯ ಅಲಾರಂ ಕೂಗುತ್ತದೆ. ಸಸ್ಯಾಹಾರಿಗಳಿಗೆ ಈ ಅಡುಗೆಮನೆ ದೊಡ್ಡ ಅನುಕೂಲ, ಏಕೆಂದರೆ ದ್ವೀಪಗಳ ಊಟವೆಂದರೆ ಮೀನು, ಸಿಗಡಿ, ಶಂಖದ ಹುಳುವಿನ ಪಕೋಡ. ಬೇಳೆ, ಅಕ್ಕಿ, ಸಾರಿನ ಪುಡಿ, ತರಕಾರಿಗಳನ್ನು ಮಯಾಮಿಯಲ್ಲೋ, ದ್ವೀಪಗಳಿಗೆ ಮುಂಚೆ ಸಿಗುವ ಕೊನೆಯ ಊರಾದ ಫ್ಲೋರಿಡಾ ಸಿಟಿಯಲ್ಲೋ ತುಂಬಿಕೊಳ್ಳಬೇಕು. ದ್ವೀಪದೊಳಗೆ ಪ್ರತಿಯೊಂದಕ್ಕೂ ಬೆಲೆ ಜಾಸ್ತಿ.

ನೀರು ಬರುವುದು, ನೀರು ಹೋಗುವುದು

ಬಾಡಿಗೆ ಗಾಡಿ ಕೊಡುವವರು ಟ್ಯಾಂಕುಗಳ ಬಗ್ಗೆ ಐದು ನಿಮಿಷ ಹೇಳಿ ಮುಗಿಸುತ್ತಾರೆ. ಕೀ ದ್ವೀಪಗಳಲ್ಲಿ ಅದೇ ಮುಖ್ಯ ವಿಷಯ.

ಸುತ್ತ ನೀರೇ ಇದ್ದರೂ ಅಲ್ಲಿ ಕುಡಿಯುವ ನೀರಿಲ್ಲ. ಹವಳದ ಸುಣ್ಣಕಲ್ಲು ಜರಡಿಯಂತಿದ್ದು ಬಾವಿ ತೋಡಿದರೆ ಉಪ್ಪುನೀರು ಬರುತ್ತದೆ. ಹಿಂದೆ ಜನ ಚಾವಣಿಯ ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟು ಬದುಕಿದರು. ಎರಡನೆಯ ಮಹಾಯುದ್ಧದಲ್ಲಿ ಕೀ ವೆಸ್ಟಿನ ನೌಕಾನೆಲೆಗೆಂದು ನೌಕಾಪಡೆ 1942ರಲ್ಲಿ ನಾಡಿನಿಂದ ಕೊಳವೆ ಹಾಕಿಸಿತು. ಇವತ್ತಿಗೂ ಫ್ಲೋರಿಡಾ ಸಿಟಿಯ ಬಳಿಯ ಕೊಳವೆಬಾವಿಗಳಿಂದ ಎತ್ತಿದ ನೀರು ಅದೇ ಹೆದ್ದಾರಿಯ ಗುಂಟ, ಅದೇ ಸೇತುವೆಗಳನ್ನು ದಾಟಿ, ಸುಮಾರು 130 ಮೈಲಿ ಹರಿದು ಕೀ ವೆಸ್ಟ್ ಸೇರುತ್ತದೆ. ಕ್ಯಾಂಪಿನ ನಲ್ಲಿಯಲ್ಲಿ ಬರುವುದು ಆ ನೀರು. ಗಾಡಿಯ ಟ್ಯಾಂಕು ಹಿಡಿಸುವುದು 150 ಲೀಟರಿನ ಆಸುಪಾಸು. ಆರು ಜನ ಸ್ನಾನಕ್ಕೆ ನಿಂತರೆ ಒಂದು ಹೊತ್ತಿಗೇ ಮುಗಿಯುತ್ತದೆ. ಪಾರ್ಕಿನ ಸ್ನಾನದ ಮನೆಗಳು ಚೆನ್ನಾಗಿರುತ್ತವೆ, ಅವನ್ನು ಬಳಸಿ. ಮೈಗೆ ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸುವ ನಮ್ಮೂರ ಅಭ್ಯಾಸವನ್ನು ಅಲ್ಲಿಯೂ ಇಟ್ಟುಕೊಳ್ಳಿ.

ಹೋಗುವ ನೀರು ಇನ್ನೂ ಮುಖ್ಯ. ಗಾಡಿಯ ಕೆಳಗೆ ಶೌಚದ ನೀರಿಗೊಂದು, ಸ್ನಾನ ಮತ್ತು ಪಾತ್ರೆಯ ನೀರಿಗೊಂದು ಟ್ಯಾಂಕ್ ಇರುತ್ತದೆ. ಇವನ್ನು ಕ್ಯಾಂಪಿನಲ್ಲಿ ಅದಕ್ಕೆಂದೇ ಇರುವ ಡಂಪ್ ಸ್ಟೇಷನ್‌ನಲ್ಲಿ ಮಾತ್ರ ಖಾಲಿ ಮಾಡಬೇಕು. ಮೊದಲು ಶೌಚದ ಟ್ಯಾಂಕ್, ಆಮೇಲೆ ಬಚ್ಚಲು ನೀರಿನದು. ಹಾಗೆ ಮಾಡಿದರೆ ಕೊಳವೆ ತಾನಾಗಿ ತೊಳೆದುಹೋಗುತ್ತದೆ. ಕೈಗವಸು ಬೇಕು. ಕುಡಿಯುವ ನೀರು ತುಂಬುವ ಕೊಳವೆಯನ್ನು ಈ ಕೆಲಸದ ಹತ್ತಿರವೂ ತರಬಾರದು. ಪಾತ್ರೆ ತೊಳೆದ ನೀರು ತಾನೆ ಎಂದು ಮರದ ಬುಡಕ್ಕೆ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಜರಡಿಯಂಥ ಆ ಕಲ್ಲಿನ ಮೇಲೆ ಸುರಿದ ನೀರು ಸ್ವಲ್ಪದರಲ್ಲೇ ಕಡಲು ಸೇರುತ್ತದೆ. ಹವಳ ಬದುಕುವುದು ಪೋಷಕಾಂಶ ಕಡಿಮೆ ಇರುವ ತಿಳಿನೀರಿನಲ್ಲಿ. ಸೋಪು, ಎಂಜಲು, ಮಲಮೂತ್ರ ಸೇರಿದ ನೀರು ಪಾಚಿಯನ್ನು ಬೆಳೆಸುತ್ತದೆ, ಪಾಚಿ ಹವಳವನ್ನು ಮುಚ್ಚುತ್ತದೆ. ಮನೆಗಳ ಗುಂಡಿಗಳಿಂದ ಸೋರುವ ಕೊಳಚೆ ಕಡಲು ಸೇರುವುದನ್ನು ತಡೆಯಲು ಇಡೀ ಕೌಂಟಿ ಭಾರಿ ಹಣ ಹಾಕಿ ಒಳಚರಂಡಿ ಕಟ್ಟಿಕೊಂಡಿದೆ. 1990ರಲ್ಲಿ ಅಮೆರಿಕದ ಸಂಸತ್ತು ಈ ಕಡಲನ್ನು ಸಾಗರ ಅಭಯಧಾಮವೆಂದು ಘೋಷಿಸಿತು. ಇಲ್ಲಿ ದೋಣಿಗಳೂ ಶೌಚದ ನೀರನ್ನು ಕಡಲಿಗೆ ಬಿಡುವಂತಿಲ್ಲ.

ಹವಳ ಈಗಾಗಲೇ ಬಹಳ ನೊಂದಿದೆ. 2023ರ ಬೇಸಿಗೆಯಲ್ಲಿ ಸುತ್ತಲಿನ ಕಡಲು ಕಾದು, ಜುಲೈನಲ್ಲಿ ಮ್ಯಾನಟೀ ಬೇ ಎಂಬಲ್ಲಿಯ ಆಳವಿಲ್ಲದ ನೀರು 101 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ದಾಟಿದ್ದು ದಾಖಲಾಯಿತು. ಹವಳಗಳು ಬಿಳುಚಿಕೊಂಡವು, ಬಹಳಷ್ಟು ಸತ್ತವು. ಕಡಲೊಳಗಿನ ನರ್ಸರಿಗಳಲ್ಲಿ ಬೆಳೆಸುತ್ತಿದ್ದ ಹವಳಗಳನ್ನು ವಿಜ್ಞಾನಿಗಳು ಕಿತ್ತು ತಂದು ದಡದ ತಣ್ಣೀರಿನ ತೊಟ್ಟಿಗಳಲ್ಲಿ ಕಾಪಾಡಿದರು. ನಾವು ನೋಡಲು ಹೋಗುವುದು ಹೀಗೆ ಉಳಿದುಕೊಂಡ ಹವಳವನ್ನು. ಹವಳದ ಮೇಲೆ ಕಾಲೂರಬಾರದು, ಮುಟ್ಟಬಾರದು. ಬಿಸಿಲಿಗೆ ಮುಲಾಮು ಬಳಿದುಕೊಳ್ಳುವ ಬದಲು ತುಂಬುತೋಳಿನ ಈಜುಡುಪು ತೊಟ್ಟರೆ ನಮಗೂ ಒಳ್ಳೆಯದು, ನೀರಿಗೂ ಒಳ್ಳೆಯದು. ಪೆನ್ನೆಕ್ಯಾಂಪ್ ಪಾರ್ಕ್ ಅಮೆರಿಕದ ಮೊದಲ ಜಲಾಂತರ್ಗತ ಉದ್ಯಾನ. ಅಂಗಡಿಗಳಿಗೆ ಮಾರಲೆಂದು ಹವಳ ಒಡೆದು ಸಾಗಿಸುತ್ತಿದ್ದ ಕಾಲದಲ್ಲಿ, ಅದನ್ನು ನಿಲ್ಲಿಸಲು ಹೋರಾಡಿದ ಪತ್ರಕರ್ತನ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ.

ದಾರಿಯಲ್ಲಿ

ಇಲ್ಲಿ ವಿಳಾಸ ಹೇಳುವುದು ಮೈಲಿಗಲ್ಲಿನ ಲೆಕ್ಕದಲ್ಲಿ. ಕೀ ವೆಸ್ಟ್ ಸೊನ್ನೆ, ಅಲ್ಲಿಂದ ಮೇಲಕ್ಕೆ ಎಣಿಕೆ. ಬಹಿಯಾ ಹೋಂಡಾ 37, ಕರಿ ಹ್ಯಾಮಕ್ 56, ಪೆನ್ನೆಕ್ಯಾಂಪ್ 102. ಜೊತೆಗೆ ಸಾಗರದ ಬದಿಯೋ ಕೊಲ್ಲಿಯ ಬದಿಯೋ ಎಂದು ಹೇಳಿದರೆ ವಿಳಾಸ ಪೂರ್ತಿ. ಬಹುಪಾಲು ರಸ್ತೆ ಹೋಗಲೊಂದು, ಬರಲೊಂದು ಸಾಲಿನದು. 113 ಮೈಲಿಗೆ ಎರಡು ಗಂಟೆ ಎಂದು ಎಣಿಸಬೇಡಿ, ರಜೆಯ ದಿನಗಳಲ್ಲಿ ನಾಲ್ಕಾಗುತ್ತದೆ. ಎತ್ತರದ ಗಾಡಿಗೆ ಸೇತುವೆಯ ಮೇಲಿನ ಅಡ್ಡಗಾಳಿ ಬಲವಾಗಿ ತಾಗುತ್ತದೆ. ಎರಡೂ ಕೈ ಸ್ಟೀರಿಂಗಿನ ಮೇಲಿರಲಿ, ಫೋಟೋ ತೆಗೆಯುವ ಕೆಲಸ ಪಕ್ಕದವರದು. ಕತ್ತಲಲ್ಲಿ ಈ ದಾರಿ ಹಿಡಿಯುವುದು ಬೇಡ. ಮಯಾಮಿಯಲ್ಲಿ ಗಾಡಿ ಕೈಗೆ ಬರುವುದು ತಡವಾದರೆ ಮೊದಲ ರಾತ್ರಿ ನಾಡಿನಲ್ಲೇ ತಂಗಿ ಬೆಳಿಗ್ಗೆ ಹೊರಡಿ.

ಬಿಗ್ ಪೈನ್ ಕೀ ಎಂಬಲ್ಲಿ ವೇಗದ ಮಿತಿ ಒಮ್ಮೆಲೇ ಇಳಿಯುತ್ತದೆ, ರಾತ್ರಿ ಗಂಟೆಗೆ 35 ಮೈಲಿ. ದೊಡ್ಡ ನಾಯಿಯಷ್ಟೇ ಎತ್ತರದ ಕೀ ಜಿಂಕೆ ಪ್ರಪಂಚದಲ್ಲಿ ಈ ದ್ವೀಪಗಳಲ್ಲಿ ಮಾತ್ರ ಇದೆ. ಬೇಟೆಯಿಂದಾಗಿ 1950ರ ಹೊತ್ತಿಗೆ ಕೆಲವೇ ಹತ್ತುಗಳಷ್ಟು ಉಳಿದಿದ್ದವು. 1957ರಲ್ಲಿ ಅಭಯಧಾಮ ಮಾಡಿದ ಮೇಲೆ ಚೇತರಿಸಿಕೊಂಡವು. ಈಗ ಅವುಗಳ ದೊಡ್ಡ ಶತ್ರು ವಾಹನ. ಜಿಂಕೆ ಕ್ಯಾಂಪಿನ ಹತ್ತಿರ ಬಂದು ನಿಂತರೆ ಬಾಳೆಹಣ್ಣು ಕೊಡಲು ಮನಸ್ಸಾಗುತ್ತದೆ. ಕೊಡುವುದು ಕಾನೂನಿಗೆ ವಿರುದ್ಧ. ತಿನ್ನಲು ಕೊಟ್ಟಷ್ಟೂ ಅವು ರಸ್ತೆಗೆ ಬಂದು ಸಾಯುತ್ತವೆ.

ಕೀ ವೆಸ್ಟಿನ ಹಳೆಯ ಪೇಟೆಯೊಳಗೆ ಆರ್‌ವಿ ತೆಗೆದುಕೊಂಡು ಹೋಗಬೇಡಿ. ಬೀದಿಗಳು ಕಿರಿದು, ಮರದ ಕೊಂಬೆ ತಗ್ಗು, ನಿಲ್ಲಿಸಲು ಜಾಗವಿಲ್ಲ. ಕ್ಯಾಂಪಿನಲ್ಲೇ ಗಾಡಿ ಬಿಟ್ಟು ಬಸ್ಸು, ಟ್ಯಾಕ್ಸಿ ಅಥವಾ ಸೈಕಲ್ ಹಿಡಿಯುವುದೇ ಸರಿ. ಹೆಮಿಂಗ್ವೇ 1930ರ ದಶಕದಲ್ಲಿ ಬದುಕಿದ ಮನೆ, ಅಲ್ಲಿನ ಆರು ಬೆರಳಿನ ಬೆಕ್ಕುಗಳು, ಮ್ಯಾಲರಿ ಚೌಕದ ಸೂರ್ಯಾಸ್ತ ಇವನ್ನು ಎಲ್ಲ ಪ್ರವಾಸಿ ಕೈಪಿಡಿಗಳೂ ಹೇಳುತ್ತವೆ. ನಾನು ಹೆಚ್ಚು ಬೆಲೆ ಕೊಡುವುದು ವಿಂಡ್ಲಿ ಕೀಯ ಹಳೆಯ ಕಲ್ಲುಗಣಿಗೆ. ಫ್ಲ್ಯಾಗ್ಲರನ ರೈಲಿಗೆಂದು ಕಲ್ಲು ಕೊಯ್ದ ಆ ಗೋಡೆಗಳಲ್ಲಿ ಪ್ರಾಚೀನ ಹವಳಗಳ ಒಳರಚನೆ ಅಂಗೈ ಗೆರೆಯಷ್ಟು ಸ್ಪಷ್ಟ. ಈಜದೆ, ದೋಣಿ ಹತ್ತದೆ, ಹಿರಿಯರೂ ಹವಳವನ್ನು ಕೈಯಳತೆಯಲ್ಲಿ ನೋಡಬಹುದಾದ ಜಾಗ ಅದು. ಒಂದು ಇಡೀ ದಿನ ಉಳಿದರೆ ಕೀ ವೆಸ್ಟ್‌ನಿಂದ ಪಶ್ಚಿಮಕ್ಕೆ 70 ಮೈಲಿ ದೂರದ ಡ್ರೈ ಟೋರ್ಟುಗಾಸ್‌ಗೆ ಹೋಗಿ. ದೋಣಿ ಅಥವಾ ಕಡಲ ವಿಮಾನ ಮಾತ್ರ ಹೋಗುವ ಅಲ್ಲಿ, 19ನೇ ಶತಮಾನದ ಭಾರಿ ಇಟ್ಟಿಗೆಯ ಕೋಟೆಯೊಂದು ನೀರಿನ ನಡುವೆ ನಿಂತಿದೆ. ಅದಕ್ಕೂ ಟಿಕೆಟ್ ಮೊದಲೇ ಮಾಡಿಸಬೇಕು.

ಯಾವಾಗ ಹೋಗಬಾರದು ಎನ್ನುವುದೂ ಯೋಜನೆಯ ಭಾಗ. ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಕಾಲ. 2017ರ ಸೆಪ್ಟೆಂಬರ್ 10ರಂದು ಇರ್ಮಾ ಚಂಡಮಾರುತ ಕಡ್ಜೋ ಕೀ ಮೇಲೆ ಅಪ್ಪಳಿಸಿ ಮನೆಗಳನ್ನೂ ಆರ್‌ವಿಗಳನ್ನೂ ಪುಡಿಮಾಡಿತು, ಲಾಂಗ್ ಕೀ ಪಾರ್ಕಿನ ಕಡಲಂಚಿನ ಕ್ಯಾಂಪ್ ಕೊಚ್ಚಿಹೋಯಿತು. ತೆರವಿನ ಆದೇಶ ಬಂದಾಗ ಒಂದೇ ರಸ್ತೆಯಲ್ಲಿ ಎಲ್ಲರೂ ಹೊರಡಬೇಕಾದ್ದರಿಂದ ಪ್ರವಾಸಿಗರು ಮತ್ತು ಆರ್‌ವಿಗಳನ್ನು ಸ್ಥಳೀಯರಿಗಿಂತ ಮೊದಲು, ಗಾಳಿ ಬರುವುದಕ್ಕೆ ಸುಮಾರು 48 ಗಂಟೆ ಮುಂಚೆಯೇ ಕಳಿಸುತ್ತಾರೆ. ಆದೇಶ ಬಂದ ದಿನ ಬಾಡಿಗೆಯ ಹಣದ ಚಿಂತೆ ಮಾಡದೆ ಹೊರಟುಬಿಡಬೇಕು. ಬೇಸಿಗೆಯಲ್ಲಿ ಇನ್ನೊಂದು ಕಾಟವೂ ಇದೆ. ಸಂಜೆಯ ಹೊತ್ತು ಕಾಂಡ್ಲಾ ಕಡೆಯಿಂದ ಕಣ್ಣಿಗೆ ಕಾಣದಷ್ಟು ಸಣ್ಣ ನೊರಜುಗಳು ಬಂದು ಕಚ್ಚುತ್ತವೆ, ಸಾಮಾನ್ಯ ಸೊಳ್ಳೆಪರದೆಯ ಕಣ್ಣುಗಳಲ್ಲೂ ನುಸುಳುತ್ತವೆ. ಡಿಸೆಂಬರ್ ಕೊನೆಯ ವಾರ ಮತ್ತು ಫೆಬ್ರುವರಿ-ಮಾರ್ಚ್ ಜನಜಂಗುಳಿ. ಡಿಸೆಂಬರ್ ಮೊದಲ ಹದಿನೈದು ದಿನ, ಇಲ್ಲವೇ ಏಪ್ರಿಲ್ ಕೊನೆ ನನಗೆ ಉತ್ತಮವೆನಿಸುತ್ತದೆ. ಆಗ ಜಾಗ ಸಿಗುವ ಸಂಭವವೂ ಸ್ವಲ್ಪ ಹೆಚ್ಚು, ಬಿಸಿಲೂ ಹಿತ.

ಆರ್‌ವಿಯಲ್ಲಿ ಹೋದರೆ ದುಡ್ಡು ಉಳಿಯುತ್ತದೆಯೇ ಎಂದು ಕೇಳುವವರಿಗೆ ನೇರ ಉತ್ತರ: ಸ್ಟೇಟ್ ಪಾರ್ಕಿನಲ್ಲಿ ಜಾಗ ಸಿಕ್ಕಿದರೆ ಆರು ಜನರ ಸಂಸಾರಕ್ಕೆ ಉಳಿಯಬಹುದು. ಇಬ್ಬರಿಗಾದರೆ, ಅಥವಾ ಖಾಸಗಿ ರೆಸಾರ್ಟಿನಲ್ಲೇ ತಂಗಬೇಕಾದರೆ, ಉಳಿಯುವುದಿಲ್ಲ. ಆಗ ಕಾರು ಹಿಡಿದು ಅಡುಗೆಮನೆ ಇರುವ ಸಣ್ಣ ಮನೆಯೊಂದನ್ನು ಬಾಡಿಗೆಗೆ ಪಡೆಯುವುದು ಮೇಲು. ಆ ಕಡಲನ್ನು ನೋಡಲು ಆರ್‌ವಿಯೇ ಬೇಕೆಂದೇನೂ ಇಲ್ಲ. ಆದರೆ ಅಜ್ಜ-ಅಜ್ಜಿ, ಮೊಮ್ಮಕ್ಕಳು ಒಂದೇ ಸೂರಿನಡಿ ಮಲಗಿ, ತಮ್ಮ ಕೈಯಡುಗೆ ಉಂಡು, ಬಾಗಿಲು ತೆರೆದರೆ ಕಡಲು ಕಾಣುವ ನಾಲ್ಕು ದಿನ ಬೇಕೆಂದರೆ ಅದನ್ನು ಕೊಡುವುದು ಈ ಗಾಡಿಯೇ. ಅಪ್ಪ-ಅಮ್ಮನಿಗೆ ಬೆಂಗಳೂರಿನಿಂದ ವಿಮಾನದ ಟಿಕೆಟ್ ಮಾಡಿಸುವ ಮುನ್ನ ಪಾರ್ಕಿನ ಜಾಗ ನೋಡಿ. ಬರುವ ಜನವರಿಗೆ ಹೋಗುವುದಾದರೆ ಮಾರ್ಚ್ ತಿಂಗಳಲ್ಲೇ ಬೆಳಿಗ್ಗೆ 8 ಗಂಟೆಗೆ ಕೂತು ಕಾದಿರಿಸಿ, ಜಾಗ ಖಚಿತವಾದ ಮೇಲೆಯೇ ಅವರಿಗೆ ತಾರೀಕು ತಿಳಿಸಿ.